ಡವ್ ಮಾಡಿದ್ದು ಕಾಳಜಿಯೋ, ವ್ಯಾಪಾರವೋ?

ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಕೂದಲಿನ ಹಕ್ಕಿಗಾಗಿ ಡವ್ ನಿಂತಿದೆ, ಅದನ್ನೂ ಸುಮ್ನೆ ಮಾರಾಟದ ತಂತ್ರ ಅನ್ನುವುದು ಸರಿಯಾ ಎಂದು ಕೇಳಿದ್ದೀರಿ. ನಾನಂತೂ ಪೂರ್ತಿ ತಳ್ಳಿಹಾಕುವುದಿಲ್ಲ. ಜಡೆ, ಗುಂಗುರು ಕೂದಲು ನೋಡಿ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದು ಎಂಬ 'ಕ್ರೌನ್' ಕಾಯ್ದೆಯನ್ನು ಕ್ಯಾಲಿಫೋರ್ನಿಯಾ 2019ರಲ್ಲಿ ಮೊದಲು ತಂದಿತು. ಅದಕ್ಕಾಗಿ ದುಡಿದ ಒಕ್ಕೂಟದಲ್ಲಿ ಡವ್ ಕೂಡ ಇತ್ತು.

ಆದರೆ 2017ರಲ್ಲಿ ಇದೇ ಡವ್ ಫೇಸ್‌ಬುಕ್‌ನಲ್ಲಿ ಏನು ಹಾಕಿತ್ತು ನೋಡಿ. ಕಪ್ಪು ಹುಡುಗಿ ಕಂದು ಬಣ್ಣದ ಟೀ ಶರ್ಟ್ ಕಳಚುತ್ತಾಳೆ, ಒಳಗಿಂದ ಬಿಳಿ ಹುಡುಗಿ ಬರುತ್ತಾಳೆ. ಬೈಗುಳ ಜಾಸ್ತಿಯಾದ ಮೇಲೆ ಕ್ಷಮೆ ಕೇಳಿತು. ಇನ್ನೊಂದು, ಡವ್ ಯೂನಿಲಿವರ್‌ನದು. ನಮ್ಮಲ್ಲಿ ಫೇರ್ ಅಂಡ್ ಲವ್ಲಿ ಮಾರಿದ್ದೂ ಅದೇ ಮನೆಯವರು! 'ಫೇರ್' ಪದ ಹೋಗಿದ್ದು 2020ರಲ್ಲಿ.

ನನಗೆ ಇದಕ್ಕಿಂತ ಕೆಟ್ಟದ್ದೆನಿಸಿದ್ದು ವರ್ಜೀನಿಯಾ ಸ್ಲಿಮ್ಸ್. ಹೆಂಗಸರಿಗೆಂದೇ 1968ರಲ್ಲಿ ಬಂದ ಸಿಗರೇಟು. 1999ರ ಹೊತ್ತಿಗೆ ಕಪ್ಪು, ಲ್ಯಾಟಿನೊ, ಏಷ್ಯನ್ ಹೆಣ್ಣುಮಕ್ಕಳ ಚಂದದ ಚಿತ್ರ ಹಾಕಿ, 'ನಿನ್ನ ದನಿ ಹುಡುಕಿಕೋ' ಎಂಬರ್ಥದ ಘೋಷಣೆ ಕೊಟ್ಟರು. ಸಿಗರೇಟು ಸೇದಿ ಗಂಟಲು ಕ್ಯಾನ್ಸರ್ ಬಂದವರು ಕಳೆದುಕೊಳ್ಳುವುದು ದನಿಯನ್ನೇ, ಅಲ್ವಾ? ಟೀಕಾಕಾರರು ಇದನ್ನೇ ಎತ್ತಿ ಹಿಡಿದರು. 2000ದಲ್ಲಿ ಕಂಪನಿ ಆ ಸಾಲು ಕೈಬಿಟ್ಟಿತು, ಸಿಗರೇಟನ್ನಲ್ಲ.

ಹಾಗಾಗಿ ನಾನು ಘೋಷಣೆ ಓದಲ್ಲ, ಮಾರುತ್ತಿರುವುದೇನು ಅಂತ ನೋಡ್ತೀನಿ. ಡವ್ ವಿಷಯದಲ್ಲಿ ಕಾಯ್ದೆಗೆ ಅಂಕ ಕೊಡ್ತೀನಿ, ಸೋಪಿಗಲ್ಲ.