ಅರ್ಥ ಬದಲಿಸಿದ ಬಭ್ರುವಾಹನ

ಉಡುಪಿ ಜಿಲ್ಲೆಯ ಒಂದು ಪ್ರೌಢಶಾಲೆ, ಒಂಬತ್ತನೇ ತರಗತಿಯ ಹುಡುಗಿ. ತಾಯಿಯೊಟ್ಟಿಗೆ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದಳು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

"ಇವಳಿಗೆ ಯಾರೊಟ್ಟಿಗೂ ಆಗುವುದಿಲ್ಲ ಮೇಡಂ, ಎಲ್ಲಿ ಹೋದರೂ ರಗಳೆ" ಎಂದರು ತಾಯಿ. ಹುಡುಗಿ ತಲೆ ಎತ್ತಲಿಲ್ಲ. ಹೊಟ್ಟೆನೋವೆಂದು ವಾರದಿಂದ ಶಾಲೆ ತಪ್ಪಿಸುತ್ತಿದ್ದಳು. ತಾಯಿಯನ್ನು ಹೊರಗೆ ಕೂರಿಸಿ ಕೇಳಿದ ಮೇಲೆ ಮಾತು ಬಂತು.

ಆ ಕಡೆಯ ಅನೇಕ ಪ್ರೌಢಶಾಲೆಗಳಂತೆ ಇಲ್ಲೂ ಯಕ್ಷಗಾನ ಕಲಿಸುತ್ತಾರೆ. ಆಡುತ್ತಿದ್ದ ಪ್ರಸಂಗದಲ್ಲಿ (ಕಥೆಯಲ್ಲಿ) ಇವಳದು ಅರ್ಜುನನ ಮಗ ಬಭ್ರುವಾಹನ, ಆಪ್ತ ಗೆಳತಿಯದು ಅರ್ಜುನ. ಹಿರಿಯ ಕಲಾವಿದರು ಪದ್ಯದ ಭಾವ ಹಿಡಿದು ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ರಂಗದಲ್ಲೇ ಕಟ್ಟುತ್ತಾರೆ. ಇಲ್ಲಿ ಮಕ್ಕಳಿಗೆ ಗುರುಗಳು ಬರೆದುಕೊಟ್ಟ ಮಾತೇ ಬಾಯಿಪಾಠ. ಅರ್ಜುನ ಬಭ್ರುವಾಹನನನ್ನು ಮಗನೆಂದು ಒಪ್ಪದೆ ಹೀಯಾಳಿಸುವ ಸಂದರ್ಭ ಬಂದಾಗ, ಅಭ್ಯಾಸದ ನಡುವೆಯೇ ಇವಳು ತನ್ನದೇ ನಾಲ್ಕು ಮಾತು ಸೇರಿಸಿದಳು. ಗೆಳತಿ ಕಾಯುತ್ತಿದ್ದ ಸಾಲು ಬರಲೇ ಇಲ್ಲ. ಅವಳು ತಡವರಿಸಿದಳು, ಉಳಿದವರು ನಕ್ಕರು, ಅವಳು ಅತ್ತಳು. ಮರುದಿನದಿಂದ ಇಡೀ ತಂಡ ಇವಳೊಟ್ಟಿಗೆ ಮಾತು ಬಿಟ್ಟಿತು. "ದೊಡ್ಡ ಅರ್ಥಧಾರಿ" (ಅರ್ಥ ಹೇಳುವ ಕಲಾವಿದೆ) ಎಂಬ ಅಡ್ಡಹೆಸರೂ ಬಿತ್ತು.

"ಬಾಯಿಪಾಠ ಹೇಳಿದ್ರೆ ಅದು ನಾನೇ ಅಲ್ಲ ಅನಿಸ್ತದೆ ಮೇಡಂ. ನನ್ನ ಮಾತು ಹೇಳಿದ್ರೆ ಯಾರಿಗೂ ನಾನು ಬೇಡ."

ಮನಃಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ ಸುಮಾರು 12ರಿಂದ 18ರ ವಯಸ್ಸನ್ನು 'ನಾನು ಯಾರು' ಎಂದು ಹುಡುಕುವ ಘಟ್ಟವೆಂದು ಗುರುತಿಸಿದರು. ಈ ಹುಡುಕಾಟ ನಡೆಯುವುದು ಓರಗೆಯವರ ಕಣ್ಣೆದುರು, ಆದ್ದರಿಂದಲೇ ಅವರ ನಗು ಅಷ್ಟು ಆಳಕ್ಕೆ ನಾಟುತ್ತದೆ. ಹೊಂದಿಕೊಳ್ಳದ ಸ್ವಭಾವ ಇವಳಲ್ಲಿ ನನಗೆ ಕಾಣಲಿಲ್ಲ. ಪಾತ್ರದೊಳಕ್ಕೆ ಪೂರ್ತಿ ಇಳಿದ ಮಗು ಇವಳು.

ಸ್ವಂತ ಮಾತು ಬಿಡು ಎನ್ನಲಿಲ್ಲ. ನುರಿತ ಅರ್ಥಧಾರಿಗಳೂ ಎದುರಿನವರಿಗೆ ಮಾತು ಬಿಟ್ಟುಕೊಡುತ್ತಾರೆ, ಹಾಡುಗಾರರಾದ ಭಾಗವತರಿಗೆ ಪದ್ಯ ಎತ್ತಲು ಅನುವು ಮಾಡಿಕೊಡುತ್ತಾರೆ. ಗೆಳತಿಗೆ ಆ ದಿನ ಸಿಗದೇ ಹೋದದ್ದು ಅದೇ ಎಂದೆ. ಬಹಳ ಹೊತ್ತು ಯೋಚಿಸಿದಳು. ಮೊದಲು ಗೆಳತಿಯ ಬಳಿ ಒಬ್ಬಳೇ ಹೋಗು, ಸಮಜಾಯಿಷಿ ಕೊಡದೆ ಕ್ಷಮೆ ಕೇಳು. ಹೊಸ ಮಾತನ್ನು ಬರೆದು ಗುರುಗಳಿಗೆ ತೋರಿಸು. ಅವರು ಒಪ್ಪಿದರೆ ನಡುವಿನದ್ದು ನಿನ್ನದಾಗಲಿ, ಕೊನೆಯ ಸಾಲು ಮಾತ್ರ ಇದ್ದ ಹಾಗೇ ಇರಲಿ. ಇದಿಷ್ಟು ಅವಳಿಗೆ.

ಅವಳ ಒಪ್ಪಿಗೆ ಪಡೆದು ಶಿಕ್ಷಕರೊಟ್ಟಿಗೂ ಮಾತಾಡಿದೆ: ಅಡ್ಡಹೆಸರಿನಿಂದ ಕರೆಯುವುದು ನಿಲ್ಲಲಿ, ಆದರೆ ಎಲ್ಲರೆದುರು ವಿಚಾರಣೆ ಬೇಡ. ಸಾಧ್ಯವಾದರೆ ಪ್ರತಿ ಮಗುವಿಗೂ ತನ್ನ ಪಾತ್ರದ ಒಂದು ಮಾತನ್ನು ತಾನೇ ಬರೆಯಲು ಬಿಡಿ.

ತಾಯಿಗೆ ಹೇಳಿದ್ದು ಹೆಚ್ಚು ಕಷ್ಟದ ಮಾತು. "ಅಕ್ಕ ಹೀಗಿರಲಿಲ್ಲ" ಎನ್ನುವುದನ್ನು ನಿಲ್ಲಿಸಿ. "ಏನು ಸೇರಿಸಿದ್ದೆ, ನನಗೂ ಹೇಳು ಮಗಾ" ಎಂದು ಕೇಳಿ. ಹೊಟ್ಟೆನೋವನ್ನು ನೆಪ ಎನ್ನದೆ ವೈದ್ಯರಿಗೆ ತೋರಿಸಿ. ಊಟ, ನಿದ್ದೆ ಎರಡು ವಾರ ಕೆಟ್ಟರೆ ಕಾಯದೆ ಬನ್ನಿ. ಅಪರಾತ್ರಿಯಲ್ಲಿ ದಿಗಿಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ.

ಮುಂದಿನ ಭೇಟಿಗೆ ಅರ್ಜುನನೂ ಜೊತೆಗೆ ಬಂದಿದ್ದಳು, ತಾನು ಬರೆದ ಉತ್ತರವನ್ನು ಹಿಡಿದುಕೊಂಡು. ತಂಡದ ಇಬ್ಬರು ಇನ್ನೂ ಮಾತಾಡುತ್ತಿಲ್ಲ. ಅವರನ್ನು ಒತ್ತಾಯಿಸಬೇಡ, ಅಭ್ಯಾಸಕ್ಕೆ ಮಾತ್ರ ತಪ್ಪಿಸಬೇಡ ಎಂದಿದ್ದೇನೆ. ಅಕ್ಕನ ಹೋಲಿಕೆ ಮನೆಯಲ್ಲಿ ಪೂರ್ತಿ ನಿಂತಿಲ್ಲ. ಮುಂದಿನ ಸಲ ತಂದೆಯೂ ಬರುತ್ತಾರೆ.