ಗಾಯ ಒಣಗಿತು, ಕೈ ಮಾತ್ರ ಯಾಕೆ ನೇರ ಆಗುತ್ತಿಲ್ಲ?

ಮಳೆ ಹಿಡಿದರೆ ನಮ್ಮ ಕಡೆ ಬಚ್ಚಲ ಒಲೆ ಆರುವುದೇ ಇಲ್ಲ. ಕೊಡಗಿನ ಕಕ್ಕಡ ತಿಂಗಳಲ್ಲಂತೂ (ಜುಲೈ-ಆಗಸ್ಟ್) ಇಡೀ ದಿನ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ಅದರ ಬೆನ್ನಿಗೇ ನನಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಸುಟ್ಟಗಾಯದವರಿಗೆ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಹೆಚ್ಚಿನವರು ಕೈಕಾಲು ಗಟ್ಟಿಯಾದ ಮೇಲೆ ಬರುತ್ತಾರೆ, ಅದೇ ನನ್ನ ಸಿಟ್ಟು. ಹಾಗಾಗಿ ಈ ಸಲ ಒಂದು ಪ್ರಶ್ನೆಗೇ ಜಾಸ್ತಿ ಜಾಗ.

ಪ್ರಶ್ನೆ: ಆರು ವರ್ಷದ ಮಗನ ಬಲಗೈ ಮೇಲೆ ಬಿಸಿನೀರು ಬಿದ್ದು ಮೊಣಕೈ ಒಳಭಾಗ ಸುಟ್ಟಿತ್ತು. ಗಾಯ ಒಣಗಿ ಎರಡು ತಿಂಗಳಾಯ್ತು. ಈಗ ಕೈ ಪೂರ್ತಿ ನೇರ ಆಗ್ತಿಲ್ಲ. ಬೆಳೀತಾ ಸರಿಹೋಗುತ್ತೆ ಅಂತ ಮನೇಲಿ ಹೇಳ್ತಾರೆ. ನಾಟಿ ವೈದ್ಯರೊಬ್ಬರು ನರ ಎಳೆದಿದೆ ಅಂತ ಎಣ್ಣೆ ಕೊಟ್ಟಿದ್ದಾರೆ. ಏನು ಮಾಡಲಿ? (ಪೊನ್ನಂಪೇಟೆ ಕಡೆಯ ತಾಯಿ)

ಉತ್ತರ: ಸರಿಹೋಗುವುದಿಲ್ಲಮ್ಮ. ಬೆಳೆದಷ್ಟೂ ಜಾಸ್ತಿ ಆಗುತ್ತದೆ. ಮೂಳೆ ಉದ್ದ ಬೆಳೆಯುತ್ತದೆ, ಸುಟ್ಟ ಕಲೆ ಅದರ ಸಮಕ್ಕೆ ಬೆಳೆಯುವುದಿಲ್ಲ. ಈ ವಾರವೇ ಆಸ್ಪತ್ರೆಗೆ ಹೊರಡಿ. ಕಾಫಿ ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ ಅಂತ ಕಾಯಬೇಡಿ. ಇನ್ನು ನರದ ಮಾತು. ಸುಟ್ಟಿದ್ದು ಚರ್ಮ, ಎಳೆಯುತ್ತಿರುವುದೂ ಆ ಚರ್ಮದ ಕಲೆಯೇ. ಕೈ ಮುಟ್ಟಿ ನೋಡಿದ ಕೂಡಲೇ ನರ ಅಂತ ಹೇಳಿ ಎಣ್ಣೆ ಬಾಟಲಿ ಮಾರುವವರಿಂದ ಎಷ್ಟು ಮಕ್ಕಳ ಅಮೂಲ್ಯ ತಿಂಗಳುಗಳು ಹಾಳಾಗಿವೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಒಳಗೆ ಆಗುತ್ತಿರುವುದು ಇಷ್ಟು. ಗಾಯ ಆದ ಜಾಗಕ್ಕೆ ಸುತ್ತಲಿನಿಂದ ಫೈಬ್ರೊಬ್ಲಾಸ್ಟ್ ಎಂಬ ಜೀವಕಣಗಳು ಬರುತ್ತವೆ. ಅಲ್ಲಿ ಎಳೆತ ಸಿಕ್ಕಿದಾಗ ಅವುಗಳಲ್ಲಿ ಕೆಲವು ಅರ್ಧ ಸ್ನಾಯುವಿನಂತೆ ಬದಲಾಗುತ್ತವೆ. ಹೆಸರು ಮಯೋಫೈಬ್ರೊಬ್ಲಾಸ್ಟ್. 1971ರಲ್ಲಿ ವಿಜ್ಞಾನಿ ಗಬ್ಬಿಯಾನಿ ಮತ್ತು ಜೊತೆಗಾರರು ಗಾಯದ ಕೆಂಪು ಮಾಂಸದಲ್ಲಿ ಇವನ್ನು ಗುರುತಿಸಿದರು. ರಕ್ತನಾಳದ ಗೋಡೆಯ ಸ್ನಾಯುವಿನಲ್ಲಿರುವ ಥರದ್ದೇ, ಎಳೆಯಲು ನೆರವಾಗುವ ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳು ಇವುಗಳ ಒಳಗೂ ಇರುತ್ತವೆ. ಚರ್ಮಕ್ಕೆ ಗಟ್ಟಿತನ ಕೊಡುವ, ಸುತ್ತಲಿನ ಕೊಲಾಜನ್ ಎಂಬ ನಾರನ್ನು ಹಿಡಿದು ಗಾಯದ ಅಂಚನ್ನು ಒಳಕ್ಕೆ ಎಳೆಯುತ್ತವೆ. ಇದು ಒಳ್ಳೆಯದೇ, ಗಾಯ ಬೇಗ ಮುಚ್ಚುತ್ತದೆ.

ತೊಂದರೆ ಆಮೇಲೆ. ನಿಮ್ಮ ತೋಳಿನ ಸ್ನಾಯು ಬಿಗಿಯಾಗಿ ಮತ್ತೆ ಸಡಿಲ ಆಗುತ್ತದೆ, ಹೃದಯವೂ ಹಾಗೆಯೇ. ಇಲ್ಲಿ ಹಾಗಲ್ಲ. ಲಾರಿಗೆ ಲೋಡ್ ಕಟ್ಟುವವರು ಹಗ್ಗ ಎಳೆದು ಗಂಟು ಹಾಕಿ, ಮತ್ತೆ ಎಳೆದು ಮತ್ತೆ ಗಂಟು ಹಾಕುತ್ತಾರಲ್ಲ, ಹಾಗೆ ಈ ಕಣಗಳು ಸ್ವಲ್ಪ ಎಳೆಯುತ್ತವೆ, ಗಿಡ್ಡ ಆದ ಜಾಗದಲ್ಲೇ ಹೊಸ ಕೊಲಾಜನ್ ಕೂರುತ್ತದೆ, ಮತ್ತೆ ಎಳೆಯುತ್ತವೆ. ಗಾಯ ಮುಚ್ಚಿದ ಮೇಲೆ ಅವು ತಾವಾಗಿ ಸಾಯಬೇಕು. ಆಳವಾಗಿ ಸುಟ್ಟು, ಒಣಗಲು ಮೂರು ವಾರಕ್ಕಿಂತ ಜಾಸ್ತಿ ಹಿಡಿದ ಗಾಯದಲ್ಲಿ ಎಷ್ಟೋ ಸಲ ಉಳಿದುಬಿಡುತ್ತವೆ. ಕಲೆ ಕೆಂಪಗೆ, ದಪ್ಪಗೆ ಇದ್ದು ತುರಿಸುತ್ತಿದ್ದರೆ ಒಳಗೆ ಕೆಲಸ ಇನ್ನೂ ನಡೆಯುತ್ತಿದೆ ಅಂತಲೇ ಲೆಕ್ಕ. ಅಂದರೆ ಗಾಯ ಒಣಗಿತು ಅಂತ ನೀವು ಆಸ್ಪತ್ರೆ ಬಿಟ್ಟ ದಿನವೇ ನಮ್ಮ ಕೆಲಸ ಶುರುವಾಗಬೇಕಿತ್ತು.

ಇದರ ಮೇಲೆ ಮಗು ಕೈ ಮಡಚಿ ಮಲಗುತ್ತದೆ. ಪಾಪ, ನೋವು ಕಮ್ಮಿ ಆಗಲಿ ಅಂತ ಅಜ್ಜಿ ಅಡಿಗೊಂದು ದಿಂಬು ಕೊಡುತ್ತಾರೆ. ಆರಾಮ ಸಿಗುವ ಆ ಮಡಿಕೆಯಲ್ಲೇ ಕೈ ಕಟ್ಟಿಕೊಳ್ಳುವುದು. ರಾತ್ರಿ ಕೈ ನೇರ ಇಡುವ ಸ್ಪ್ಲಿಂಟ್ ಬೇಕು, ಅಳತೆಗೆ ಮಾಡಿಸಿದ್ದು. ಮೊದಲ ಸಲ ಕಟ್ಟಿ ಅರ್ಧ ಗಂಟೆಗೆ ಬಿಚ್ಚಿ ನೋಡಿ, ಒತ್ತಿದ ಕೆಂಪು ಗುರುತು ಹೋಗದೆ ಉಳಿದರೆ ಸರಿ ಮಾಡಿಸಿ. ಹಗಲು ನಾಲ್ಕೈದು ಸಲ ಕೈಯನ್ನು ನಿಧಾನ ನೇರ ಮಾಡಿ. ಎಲ್ಲಿವರೆಗೆ? ಕೆಂಪು ಕಲೆ ಬಿಳಿಚುವವರೆಗೆ. ಬಿಳಿಚಿದ ಕಡೆ ನಿಲ್ಲಿಸಿ, ಹಿಡಿದುಕೊಳ್ಳಿ. ಜಗ್ಗಬೇಡಿ. ಜಗ್ಗಿದರೆ ಒಳಗೆ ಹರಿದು ಇನ್ನಷ್ಟು ಕಲೆ ಕಟ್ಟುತ್ತದೆ, ಮಗು ನಿಮ್ಮ ಕೈಗೇ ಹೆದರುತ್ತದೆ.

ಚರ್ಮ ಒಡೆಯದಂತೆ ಕೊಬ್ಬರಿ ಎಣ್ಣೆ ಸಾಕು, ನಾಟಿ ಎಣ್ಣೆಗೆ ದುಡ್ಡು ಹಾಕಬೇಡಿ. ಪ್ರೆಷರ್ ಗಾರ್ಮೆಂಟ್ (ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಬಟ್ಟೆ) ಬರೆದುಕೊಟ್ಟರೆ ದಿನಕ್ಕೆ ಸುಮಾರು 23 ಗಂಟೆ ಹಾಕಬೇಕು. ನಮ್ಮ ಮಳೆಯಲ್ಲಿ ಅದು ಒಣಗುವುದಿಲ್ಲ, ಎರಡು ಹೊಲಿಸಿಕೊಳ್ಳಿ. ಒಲೆ ಮೇಲೆ ಮಾತ್ರ ಒಣಗಿಸಬೇಡಿ, ಎಲಾಸ್ಟಿಕ್ ಹೋಗುತ್ತದೆ. ಕಲೆ ಮೆತ್ತಗಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ, ಅಲ್ಲಿವರೆಗೆ ಬಿಡುವಂತಿಲ್ಲ. ಈಗಾಗಲೇ ಕಲೆ ಗಟ್ಟಿ ಪಟ್ಟಿಯಂತಾಗಿದ್ದರೆ ಮೈಸೂರು ಅಥವಾ ಮಂಗಳೂರಿನಲ್ಲಿ ಪ್ಲಾಸ್ಟಿಕ್ ಸರ್ಜನ್ ನೋಡಲೇಬೇಕು. ಅವರು ಬಿಡಿಸಿ ಚರ್ಮ ಕಸಿ ಮಾಡಿದರೂ ಸ್ಪ್ಲಿಂಟ್ ತಪ್ಪುವುದಿಲ್ಲ, ತೆಳು ಕಸಿಯೂ ಕುಗ್ಗುತ್ತದೆ.

ಪ್ರಶ್ನೆ: ಸುಟ್ಟ ಕೂಡಲೇ ಕಾಫಿ ಪುಡಿ ಹಾಕಬಹುದಾ?

ಉತ್ತರ: ಬೇಡ. ಟೂತ್‌ಪೇಸ್ಟ್, ಮೊಟ್ಟೆ, ಐಸ್, ಯಾವುದೂ ಬೇಡ. ಹರಿಯುವ ತಣ್ಣೀರು, 20 ನಿಮಿಷ. ಚಳಿ ಜಾಸ್ತಿ ಇದ್ದರೆ ಸುಟ್ಟ ಜಾಗ ಮಾತ್ರ ನೀರಲ್ಲಿಡಿ, ಮಗುವಿನ ಉಳಿದ ಮೈಗೆ ಕಂಬಳಿ ಹೊದಿಸಿ.

ಪ್ರಶ್ನೆ: ನನ್ನ ಉಂಗುರದ ಬೆರಳು ಅಂಗೈ ಕಡೆ ಮಡಚುತ್ತಿದೆ, ಒಳಗೆ ದಾರದಂಥ ಗಟ್ಟಿ. ಹಂದಿ ನೆಣ ಹಚ್ಚಿ ಉಜ್ಜಿದರೆ ಸಡಿಲ ಆಗುತ್ತಾ?

ಉತ್ತರ: ಆಗುವುದಿಲ್ಲ. ಅದು ಡ್ಯೂಪಿಟ್ರೆನ್ ಇರಬಹುದು, ಅಂದರೆ ಅಂಗೈ ಚರ್ಮದ ಅಡಿಯ ಪದರ ದಪ್ಪಗಾಗಿ ಬೆರಳನ್ನು ಎಳೆಯುವ ಕಾಯಿಲೆ. ಅಲ್ಲೂ ಎಳೆಯುವುದು ಮೇಲೆ ಹೇಳಿದ ಮಯೋಫೈಬ್ರೊಬ್ಲಾಸ್ಟ್ ಕಣಗಳೇ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಇಡಲು ಆಗದಿದ್ದರೆ ಸರ್ಜನ್‌ಗೆ ತೋರಿಸಿ.

ಪ್ರಶ್ನೆ: ರಾತ್ರಿ ಮೀನಖಂಡ ಹಿಡಿಯುತ್ತದೆ, ಮೆಗ್ನೀಸಿಯಂ ಮಾತ್ರೆ ನುಂಗಲಾ?

ಉತ್ತರ: ವಯಸ್ಸಾದವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಪಾದವನ್ನು ಮೊಣಕಾಲಿನ ಕಡೆ ಎಳೆದು ಹಿಡಿಯಿರಿ. ಆದರೆ ತೋಟದ ಏರು ಹತ್ತುವಾಗ ಹಿಡಿದು, ನಿಂತ ಕೂಡಲೇ ಬಿಡುತ್ತಿದ್ದರೆ ಅದು ಬೇರೆ ವಿಷಯ. ಬೀಡಿ ಸೇದುವವರು, ಶುಗರ್ ಇರುವವರು ಕಾಲಿನ ರಕ್ತ ಸಂಚಾರ ಪರೀಕ್ಷೆ ಮಾಡಿಸಲೇಬೇಕು.