ಸ್ಕ್ರೂವಿನ ಒಂದೇ ಥ್ರೆಡ್ಡಿಗೆ ಒಪ್ಪಲು ಒಂದು ಯುದ್ಧ ಬೇಕಾಯಿತು

"ಬೇರೆ ಬೇರೆ ದೇಶದ ಕಂಪನಿಗಳು ಸೇರಿ ಸಂಶೋಧನೆ ಮಾಡೋದು ಈಚೆಗೆ ಬಂದದ್ದಾ, ಮೊದಲಿಂದಲೂ ಇತ್ತಾ?" ಅಂತ ಕೇಳಿದ್ದೀರಿ. ಡಿಪ್ಲೊಮಾ ಓದ್ತಿದ್ದೀನಿ ಅಂತಾನೂ ಬರೆದಿದ್ದೀರಿ. ಹಳೇದೇ. ಆದರೆ ಒಟ್ಟಿಗೆ ಕೂತು ಹೊಸದನ್ನು ಮಾಡೋಕೆ ಮೊದಲು ಅಳತೆ ಒಂದಾಗಬೇಕಿತ್ತು. ಅದಕ್ಕೇ ಬಹಳ ಕಾಲ ಹಿಡಿಯಿತು.

ನಾನು ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ, ಬಿಡಿಭಾಗ ಮಾಡುವ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ತಮಿಳು, ತೆಲುಗು ಎಲ್ಲಾ ನಡೆಯುತ್ತೆ, ಡ್ರಾಯಿಂಗ್ ಮಾತ್ರ ಎಲ್ಲರಿಗೂ ಒಂದೇ ಅಂತ ನಂಬಿದ್ದೆ. ಸೇರಿದ ಹೊಸದರಲ್ಲಿ ಜಪಾನಿನ ಡ್ರಾಯಿಂಗ್ ಒಂದು ಬಂತು. ಮೂಲೆಯಲ್ಲಿ ಪುಟ್ಟ ಗುರುತು ಇರುತ್ತೆ ನೋಡಿ, ತುದಿ ಕತ್ತರಿಸಿದ ಶಂಕು, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ವಸ್ತುವಿನ ಯಾವ ಬದಿಯ ನೋಟ ಎಲ್ಲಿ ಬರೆದಿದೆ ಅಂತ ಅದು ಹೇಳುತ್ತೆ. ನಾವು ಕಲಿತದ್ದು ಫಸ್ಟ್ ಆಂಗಲ್, ಎಡಬದಿಯ ನೋಟವನ್ನು ಬಲಕ್ಕೆ ಬರೆಯುವ ಯುರೋಪಿನ ಪದ್ಧತಿ. ಜಪಾನ್, ಅಮೆರಿಕದವರದು ಥರ್ಡ್ ಆಂಗಲ್, ಎಡದ್ದು ಎಡಕ್ಕೇ. ನಾನು ಗುರುತು ನೋಡಲಿಲ್ಲ. ಎಡಗಡೆ ಬರಬೇಕಾದ ತೂತು ಬಲಗಡೆ ಬಂತು, ನಲವತ್ತು ಪೀಸ್ ಸ್ಕ್ರ್ಯಾಪ್ ಆಯಿತು.

ಇದೇ ತೊಡಕು 1940ರಲ್ಲಿ ದೊಡ್ಡದಾಗಿ ಎದುರಾಯಿತು. ಯುದ್ಧಕ್ಕೆ ವಿಮಾನದ ಎಂಜಿನ್ ಸಾಲದೆ, ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್ನನ್ನು ಅಮೆರಿಕದ ಪ್ಯಾಕರ್ಡ್ ಮಾಡಿಕೊಡಲು ಒಪ್ಪಿತು. ಬಂದ ಡ್ರಾಯಿಂಗೆಲ್ಲ ಫಸ್ಟ್ ಆಂಗಲ್, ಮತ್ತೆ ಬರೆದುಕೊಳ್ಳಬೇಕಾಯಿತು. ಥ್ರೆಡ್ಡೂ, ಅಂದರೆ ಬೋಲ್ಟು, ನಟ್ಟಿನ ಸುರುಳಿ ಗೀರೂ, ಬೇರೆ. ಬ್ರಿಟನ್ನಿನ ವಿಟ್‌ವರ್ತ್ ಥ್ರೆಡ್ಡಿನಲ್ಲಿ ಗೀರಿನ ಎರಡು ಇಳಿಜಾರಿನ ನಡುವಿನ ಕೋನ 55 ಡಿಗ್ರಿ, ಅಮೆರಿಕದ್ದು 60. ಎರಡೂ ಕಡೆಯ ಬಿಡಿಭಾಗ ಅದಲುಬದಲು ಮಾಡಿದರೂ ಕೂರಬೇಕು ಅಂತ ಪ್ಯಾಕರ್ಡ್ ಬ್ರಿಟಿಷ್ ಥ್ರೆಡ್ಡನ್ನೇ ಉಳಿಸಿಕೊಂಡು, ಅದನ್ನು ಕೊರೆಯುವ ಟ್ಯಾಪು, ಡೈ ಉಪಕರಣಗಳನ್ನೂ ತಾನೇ ಮಾಡಿಕೊಂಡಿತು. ಈ ಪಾಡು ಅನುಭವಿಸಿದ ಮೇಲೆ, 1948ರ ನವೆಂಬರ್‌ನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ 60 ಡಿಗ್ರಿಯ ಒಂದೇ ಥ್ರೆಡ್ಡಿಗೆ ಸಹಿ ಹಾಕಿದವು. ನನ್ನ ಮಟ್ಟಿಗೆ ಯಾವ ಲ್ಯಾಬಿನ ಕೆಲಸಕ್ಕೂ ಇದು ಕಡಿಮೆ ಇಲ್ಲ.

ಆಮೇಲೆ ಸರ್ಕಾರಗಳೂ ದುಡ್ಡು ಹಾಕಿದವು. ಯುರೋಪಿನಲ್ಲಿ 1984ರಲ್ಲಿ ಎಸ್ಪ್ರಿ, 1985ರಲ್ಲಿ ಯುರೇಕಾ ಅನ್ನೋ ಜಂಟಿ ಸಂಶೋಧನಾ ಯೋಜನೆಗಳು ಶುರುವಾದವು. ಆದರೆ ಸರ್ಕಾರ ಹೇಳದೆಯೂ ಆಗುತ್ತೆ. ಸಿಡಿ ನೋಡಿ. ನೆದರ್‌ಲ್ಯಾಂಡ್ಸ್‌ನ ಫಿಲಿಪ್ಸ್, ಜಪಾನಿನ ಸೋನಿ ಪೈಪೋಟಿಯವರು. 1979ರಲ್ಲಿ ಒಟ್ಟಿಗೆ ಕೂತರು. ಸದ್ದಿನ ಒಂದೊಂದು ಅಳತೆಗೆ ಫಿಲಿಪ್ಸ್ 14 ಬಿಟ್ ಸಾಕು ಅಂದಿತು, ಸೋನಿ 16 ಬೇಕು ಅಂದಿತು, ಕೊನೆಗೆ 16 ಬಿಟ್, 12 ಸೆಂಟಿಮೀಟರ್ ಅಗಲ ಅಂತ ಗಟ್ಟಿಯಾಯಿತು. 1982ರಿಂದ ಪ್ಲೇಯರ್ ಮಾತ್ರ ಅವರವರದೇ ಹೆಸರಲ್ಲಿ ಮಾರಿದರು.

ನಮ್ಮ ಹೊಸೂರಿನಲ್ಲೇ ಎರಡೂ ಕಾಲ ಕಾಣುತ್ತೆ. 1980ರ ದಶಕದಲ್ಲಿ ಟಿವಿಎಸ್‌ಗೆ ಸುಝುಕಿಯಿಂದ ತಂತ್ರಜ್ಞಾನ ಬರುತ್ತಿತ್ತು, ಇಲ್ಲಿ ಬೈಕ್ ಆಗುತ್ತಿತ್ತು. 2001ರಲ್ಲಿ ಇಬ್ಬರೂ ಬೇರೆಯಾದರು. 2013ರಲ್ಲಿ ಬಿಎಂಡಬ್ಲ್ಯು ಜೊತೆ ಆದ ಒಪ್ಪಂದವೇ ಬೇರೆ ಥರದ್ದು, ಇಬ್ಬರೂ ಸೇರಿ ಹೊಸ ಬೈಕ್ ತಯಾರು ಮಾಡೋದು. ಹಾಗೆ ಬಂದದ್ದು 312 ಸಿಸಿ ಎಂಜಿನ್, ಎರಡೂ ಕಂಪನಿಯ ಬೈಕಿನಲ್ಲಿ ಅದೇ ಇದೆ.

ಎಲ್ಲಾದರೂ ಆ ಎಂಜಿನ್ ಇರುವ ಟಿವಿಎಸ್‌ನ ಅಪಾಚೆ ಆರ್‌ಆರ್ 310 ಬೈಕ್ ನಿಂತಿದ್ದರೆ ಬಗ್ಗಿ ನೋಡಿ. ಸಾಮಾನ್ಯವಾಗಿ ಸೈಲೆನ್ಸರ್ ಪೈಪ್ ಎಂಜಿನ್ ಮುಂದಿನಿಂದ ಬಗ್ಗಿ ಬರುತ್ತೆ ಅಲ್ವಾ, ಇದರಲ್ಲಿ ಸಿಲಿಂಡರ್ ಹಿಂದಕ್ಕೆ ವಾಲಿದೆ, ಗಾಳಿ ಮುಂದಿನಿಂದ ಒಳಗೆ ಹೋಗುತ್ತೆ, ಪೈಪ್ ಹಿಂದಿನಿಂದಲೇ ಹೊರಡುತ್ತೆ.